ಬಿಲದ ಬಾಗಿಲಲ್ಲಿ ಮದ್ದು

ಮೂವರು ಕೂಡುವ ಲೋಕಲ್ ಗಾಡಿಯ ಬೆಂಚಿನ ಮೇಲೆ ನಾಲ್ಕನೆಯವರಾಗಿ ಕೂಡುವ ವಿದ್ಯೆಯನ್ನು ಕುರಿತು ಈ ಸಲ ಬರೆಯುವೆವೆಂದು ಕಳೆದ ಸಂಚಿಕೆಯಲ್ಲಿ ವಾಚಕರಿಗೆ ಮಾತು ಕೊಟ್ಟಿದ್ದೆವು. ಆ ಸಾಲ ಸದ್ಯಕ್ಕೆ ಹಾಗೆಯೇ ಇರಲಿ. ಈ ಮೂರು ತಿಂಗಳಲ್ಲಿ ನಮ್ಮ ಮನೆಗೆ ಎರಡು ಪ್ರಾಣಿಗಳು ಬಂದುವು. ಒಂದು ಚಿತ್ರದಲ್ಲಿ ಬಂದದ್ದು, ಮೂವತ್ತು ಕಿಲೋ ತೂಗುವಂಥದು. ಇನ್ನೊಂದು ನಿಜವಾಗಿಯೇ ಬಂದದ್ದು, ಕಣ್ಣಿಗೆ ಕಾಣದಂಥದು. ದೊಡ್ಡದು ಬಂದು ಹೇಳಿದ ಮೇಲೆಯೇ ಚಿಕ್ಕದು ಬಂದಿರುವುದು ನಮಗೆ ತಿಳಿದದ್ದು. ಆದ್ದರಿಂದ ದೊಡ್ಡದರ ಕತೆಯನ್ನೇ ಮೊದಲು ಹೇಳುತ್ತೇವೆ.

ನಾಲ್ಕನೆಯ ಇಯತ್ತೆಯಲ್ಲಿ ಓದುವ ನಮ್ಮ ಮಗಳ ಶಾಲೆಯಲ್ಲಿ ‘ಬಿಲದಲ್ಲಿ ವಾಸಿಸುವ ಪ್ರಾಣಿಗಳು’ ಎಂದು ಒಂದು ವಿಷಯ ಕೊಟ್ಟರು. ಹಾಜರಿಪಟ್ಟಿಯಲ್ಲಿ ಮೊದಲಿದ್ದ ಮಕ್ಕಳು ಇಲಿ, ಮೊಲ, ಮುಂಗುಸಿಗಳನ್ನು ಬಾಚಿಕೊಂಡರು. ನಮ್ಮವಳ ಪಾಲಿಗೆ ಉಳಿದದ್ದು ವೊಂಬ್ಯಾಟ್ ಎಂಬ ಹೆಸರಿನ ಪ್ರಾಣಿ. ಆಸ್ಟ್ರೇಲಿಯಾದ್ದು. ಹೆಸರು ಕೇಳಿ ನಾವೂ ತುಸು ಗಾಬರಿಯಾದೆವು. ಕಚೇರಿಯಿಂದ ಬಂದು ಚಹಾ ಕುಡಿದು, ಮಗಳೊಡನೆ ಕುಳಿತು ಚಿತ್ರ ನೋಡಿದಾಗ ಭಯ ಹೋಗಿ ಪ್ರೀತಿ ಬಂತು. ಕರಡಿಯೊಂದು ಹೆಗ್ಗಣವನ್ನು ದತ್ತು ತೆಗೆದುಕೊಂಡು ಹಾಲು-ಅನ್ನ ಹಾಕಿ ಬೆಳೆಸಿದರೆ ಹೇಗಿದ್ದೀತೋ ಹಾಗಿದೆ ಅದು. ಗಿಡ್ಡ ಕಾಲು, ದುಂಡು ಮೈ, ಸುಮಾರು ಒಂದು ಮೀಟರು ಉದ್ದ. ಮುಂಗಾಲಿನ ಉಗುರುಗಳೆಂದರೆ ಒಳ್ಳೆಯ ಗುದ್ದಲಿ.

“ಇದು ಇಲಿಯ ಕುಲದ್ದು” ಎಂದು ನಾವು ತೀರ್ಪು ಕೊಟ್ಟೆವು. ಮುಂಹಲ್ಲುಗಳು ಇಲಿಯವುಗಳಂತೆ ಆಯುಷ್ಯವೆಲ್ಲ ಬೆಳೆಯುತ್ತಲೇ ಇರುತ್ತವೆ, ಬಿಲ ತೋಡುತ್ತದೆ, ಹುಲ್ಲು ಬೇರು ತಿನ್ನುತ್ತದೆ, ಇನ್ನೇನು ಬೇಕು? ಮಗಳು ಪುಸ್ತಕ ತೋರಿಸಿ ತೀರ್ಪನ್ನು ತಿರುಗಿಸಿದಳು. ಕಾಂಗರೂವಿನ ಹಾಗೆ ಇದಕ್ಕೂ ಹೊಟ್ಟೆಯಲ್ಲಿ ಚೀಲವುಂಟು. ಆದರೆ ಚೀಲದ ಬಾಯಿ ಹಿಂದುಗಡೆಗೆ. ತಾಯಿ ಬಿಲ ತೋಡುವಾಗ ಮಣ್ಣು ಮರಿಯ ಕಣ್ಣಿಗೆ ಬೀಳಬಾರದಲ್ಲ! ಇನ್ನೊಂದು ವಿಶೇಷವೆಂದರೆ, ಜಗತ್ತಿನಲ್ಲಿ ಇದೊಂದರ ಲದ್ದಿ ಮಾತ್ರ ಬರ್ಫಿ ಕೊಯ್ದಂತೆ ಚೌಕಚೌಕವಾಗಿ ಬೀಳುತ್ತದೆ. ಅದು ಏಕೆ ಹಾಗೆಂದು ಕಂಡುಹಿಡಿದವರಿಗೆ ೨೦೧೯ರಲ್ಲಿ, ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಶೋಧಗಳಿಗೆಂದು ಇರುವ ಇಗ್ ನೊಬೆಲ್ ಬಹುಮಾನ ಬಂತು. ಇದನ್ನು ನಾವು ಊಟದ ಹೊತ್ತಿನಲ್ಲಿ ವರ್ಣಿಸಹೋಗಿ ಮನೆಯಾಕೆಯಿಂದ ಅನ್ನಿಸಿಕೊಂಡೆವು.

ನಗೆ ಅಲ್ಲಿಗೆ ಮುಗಿಯಿತು. ಮಗಳು ಕೊನೆಯ ಚಿತ್ರವೊಂದನ್ನು ಕೈಯಲ್ಲಿ ಮುಚ್ಚಿ ಇಟ್ಟುಕೊಂಡಿದ್ದಳು. ತೆಗೆಸಿ ನೋಡಿದೆವು. ಅದೂ ವೊಂಬ್ಯಾಟೇ. ಆದರೆ ಮೈಮೇಲಿನ ಕೂದಲು ಉದುರಿ, ಚರ್ಮ ಬೇಸಗೆಯ ಕೆರೆಯಂಗಳದಂತೆ ಒಡೆದು, ಪಕ್ಕೆಯ ಮೇಲೆಲ್ಲ ದಪ್ಪ ಹಕ್ಕಳೆ ಕಟ್ಟಿತ್ತು. ಕಣ್ಣು ಕಿವಿಗಳು ಹಕ್ಕಳೆಯಲ್ಲಿ ಮುಚ್ಚಿಹೋಗಿದ್ದುವು. ರಾತ್ರಿ ಹೊರಗೆ ಬರಬೇಕಾದ ಪ್ರಾಣಿ ನಡುಹಗಲಿನ ಬಿಸಿಲಲ್ಲಿ ಕುಳಿತು ಕೆರೆದುಕೊಳ್ಳುತ್ತಿತ್ತು.

“ಅಪ್ಪಾ, ಇದಕ್ಕೂ ನನ್ನಂಗ ತುರಸ್ತದೇನು?” ಎಂದಳು ಮಗಳು.

ಇಲ್ಲಿ ನಮ್ಮ ಮನೆಯ ಮಾತನ್ನು ಹೇಳಲೇಬೇಕಾಗಿದೆ. ಹೇಳಲು ನಾಚಿಕೆ, ಆದರೆ ಆ ನಾಚಿಕೆಯಿಂದಲೇ ಕೆಟ್ಟೆವಾದ್ದರಿಂದ ಹೇಳುತ್ತೇವೆ.

ಜುಲೈ ಮೊದಲ ವಾರದಿಂದ ಮಗಳಿಗೆ ರಾತ್ರಿ ತುರಿಕೆ. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ, ಸೊಂಟದ ಸುತ್ತ ಚಿಕ್ಕ ಚಿಕ್ಕ ಗುಳ್ಳೆ. ಊರಿನಿಂದ ನಮ್ಮ ತಾಯಿ, “ಉಷ್ಣ ಆಗ್ಯದ, ಬೇವಿನೆಲಿ ಕುದಿಸಿ ಎರೀರಿ” ಎಂದು ಫೋನಿನಲ್ಲಿ ಹೇಳಿದರು. ಎರೆದೆವು. ನಾವು ಔಷಧದ ಅಂಗಡಿಯಿಂದ ಕೇಳಿ ಒಂದು ಮುಲಾಮು ತಂದೆವು. ಎರಡು ದಿನ ತಗ್ಗಿತು, ಮೂರನೆಯ ದಿನ ಹೆಚ್ಚಾಯಿತು. ಶಾಲೆಗೆ ತಿಳಿಸಲಿಲ್ಲ, ನೆರೆಯವರಿಗೆ ತಿಳಿಸಲಿಲ್ಲ. ಕಜ್ಜಿ ಎಂಬ ಮಾತು ಯಾರ ಬಾಯಿಂದಲೂ ಹೊರಡಲಿಲ್ಲ. ನಮ್ಮಲ್ಲಿ ಆ ಶಬ್ದ ನಾಯಿಗೆ ಮೀಸಲು.

ನಮ್ಮದು ಒಂದು ಖೋಲಿ, ಒಂದು ಅಡಿಗೆಮನೆ. ನಾವಿಬ್ಬರು, ಮಗಳು, ಆರು ವರುಷದ ಮಗ. ಜೂನ್ ೨೦ಕ್ಕೆ ನಮ್ಮ ಅಕ್ಕನ ಮಗ ಧಾರವಾಡದಿಂದ ಬಂದು ಸೇರಿದ್ದ. ಹಾಸ್ಟೆಲಿನಲ್ಲಿದ್ದು ಓದು ಮುಗಿಸಿದ ಹುಡುಗ; ಇಲ್ಲಿ ಹೊಸ ನೌಕರಿ. ರಾತ್ರಿ ಐವರೂ ಸಾಲಾಗಿ ಮಲಗುವುದು. ಮಕ್ಕಳಿಬ್ಬರೂ ಅವನ ಎರಡು ತೋಳಿಗೆ ಒಬ್ಬೊಬ್ಬರು. ಆಗಸ್ಟ್ ಮೊದಲಿಗೆ ಅವನೂ ಕೆರೆದುಕೊಳ್ಳತೊಡಗಿದ. ಅದನ್ನು ನೋಡಿದೊಡನೆ ನಮಗೆ ಎಲ್ಲವೂ ಸ್ಪಷ್ಟವಾಯಿತು. ಹಾಸ್ಟೆಲು! ಇವನೇ ತಂದದ್ದು! ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅವನ ಹಾಸಿಗೆಯನ್ನು ಅಡಿಗೆಮನೆಯಲ್ಲಿ ಹಾಸಿದೆವು. ಅವನ ಟವೆಲ್ಲಿಗೆ ಬಚ್ಚಲ ಹಿಂದೆ ಒಂದು ಬೇರೆ ಮೊಳೆ ಹೊಡೆದೆವು. ಮೊಳೆ ಹೊಡೆದ ಕೈ ನಮ್ಮದೇ.

ಎಂಟು ದಿನಕ್ಕೆ ಹುಡುಗ, “ಮಾಮಾ, ಆಫೀಸಿಗೆ ಸಮೀಪ ಆಗ್ತದ, ಗೆಳ್ಯಾರ ಕೂಡ ರೂಮ್ ಮಾಡೇನಿ” ಎಂದು ಪೆಟ್ಟಿಗೆ ಎತ್ತಿದ. ನಾವು, “ಹೂಂ, ಸಮೀಪ ಆಗೋದು ಛಲೋನ” ಎಂದೆವು. ಇರು ಎನ್ನಲಿಲ್ಲ.

ವೊಂಬ್ಯಾಟಿನ ಆ ಚಿತ್ರ ಬಂದದ್ದು ಅವನು ಹೋದ ನಾಲ್ಕನೆಯ ದಿನ. ಮಗಳ ಪ್ರಶ್ನೆಗೆ ಉತ್ತರ ಹುಡುಕುತ್ತ ರಾತ್ರಿ ಹನ್ನೊಂದರ ತನಕ ಓದಿದೆವು. ಓದಿದಂತೆಲ್ಲ ನಮ್ಮ ಕೈಗೂ ತುರಿಕೆ ಬಂತು.

ರೋಗದ ಮೂಲ ಒಂದು ನುಸಿ. ಸಾರ್ಕಾಪ್ಟಿಸ್ ಎಂದು ಅದರ ಶಾಸ್ತ್ರೀಯ ಹೆಸರು. ಎಂಟು ಕಾಲಿನದು, ಒಂದು ಮಿಲಿಮೀಟರಿನ ಅರ್ಧಕ್ಕೂ ಕಡಿಮೆ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ತೋಡುತ್ತ ಹೋಗುತ್ತದೆ. ಹೋಗುತ್ತ ದಿನಕ್ಕೆ ಎರಡು ಮೂರು ತತ್ತಿ ಇಡುತ್ತದೆ. ಮೂರು ನಾಲ್ಕು ದಿನಕ್ಕೆ ತತ್ತಿ ಒಡೆದು ಮರಿ ಹೊರಡುತ್ತದೆ. ಬಿಲ ತೋಡುವ ಪ್ರಾಣಿಯ ಮೈಯಲ್ಲಿ ಬಿಲ ತೋಡುವ ಪ್ರಾಣಿ! ವೊಂಬ್ಯಾಟಿಗೆ, ನರಿಗೆ, ನಾಯಿಗೆ, ಮನುಷ್ಯನಿಗೆ, ಒಟ್ಟು ನೂರಕ್ಕೂ ಹೆಚ್ಚು ಜಾತಿಯ ಸಸ್ತನಿಗಳಿಗೆ ಇದೇ ಒಂದು ನುಸಿ. ಒಂದೊಂದು ಪ್ರಾಣಿಗೆ ಒಗ್ಗಿದ ಬೇರೆ ಬೇರೆ ಒಕ್ಕಲು, ಅಷ್ಟೆ. ನಾಯಿಯ ನುಸಿ ನಮ್ಮ ಮೈಗೆ ಹತ್ತಿದರೆ ಕೆಲವು ದಿನ ತುರಿಸಿ ತಾನಾಗಿ ಅಡಗುತ್ತದೆ; ಇಲ್ಲಿ ಸಂಸಾರ ಹೂಡಲಾರದು. ಮನುಷ್ಯನದು ಮನುಷ್ಯನಿಂದಲೇ ಬರಬೇಕು.

ಇದರ ಪತ್ತೆಯ ಕತೆಯೂ ಸ್ವಾರಸ್ಯದ್ದು. ಇಟಲಿಯ ಲಿವೋರ್ನೋ ಪಟ್ಟಣದಲ್ಲಿ ಬೊನೋಮೋ ಎಂಬ ವೈದ್ಯನೂ ಚೆಸ್ತೋನಿ ಎಂಬ ಔಷಧ ತಯಾರಕನೂ ಕೂಡಿ ಕಜ್ಜಿಯ ಗುಳ್ಳೆಯಿಂದ ಈ ನುಸಿಯನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಚಿತ್ರ ಬರೆದು, ರೋಗಕ್ಕೆ ಇದೇ ಕಾರಣವೆಂದು ೧೬೮೭ರಲ್ಲಿ ತಿಳಿಸಿದರು. ಬಡ ಹೆಂಗಸರು ತಮ್ಮ ಮಕ್ಕಳ ಕೈಯಿಂದ ಸೂಜಿಯ ತುದಿಯಲ್ಲಿ ಏನನ್ನೋ ಹೆಕ್ಕಿ ತೆಗೆಯುವುದನ್ನು ಕಂಡೇ ಅವರಿಗೆ ಈ ದಾರಿ ಹೊಳೆದದ್ದು. ಆದರೆ ದೊಡ್ಡ ಪಂಡಿತರು ಒಪ್ಪಲಿಲ್ಲ. ರಕ್ತ ಕೆಟ್ಟು ಕಜ್ಜಿಯಾಗುತ್ತದೆ ಎಂಬುದೇ ಅವರ ಹಟ. ೧೮೩೪ರಲ್ಲಿ ಪ್ಯಾರಿಸಿನ ಆಸ್ಪತ್ರೆಯಲ್ಲಿ ರೆನೂಚಿ ಎಂಬ ವಿದ್ಯಾರ್ಥಿ, ತನ್ನ ಊರಾದ ಕಾರ್ಸಿಕಾ ದ್ವೀಪದ ಹೆಂಗಸರಿಂದ ಕಲಿತ ಅದೇ ಸೂಜಿಯ ವಿದ್ಯೆಯಿಂದ ಎಲ್ಲರೆದುರಿಗೆ ನುಸಿಯನ್ನು ತೆಗೆದು ತೋರಿಸಿದ ಮೇಲೆಯೇ ಬಾಯಿ ಮುಚ್ಚಿದ್ದು. ನಡುವೆ ಸುಮಾರು ನೂರೈವತ್ತು ವರುಷ ಹೋಯಿತು. ಬಡವರ ಮನೆಯ ಹೆಂಗಸರಿಗೆ ಗೊತ್ತಿದ್ದ ಸಂಗತಿ ಪಂಡಿತರ ಮನೆ ಮುಟ್ಟಲು ಅಷ್ಟು ಕಾಲ ಹಿಡಿಯಿತು. ನಮ್ಮ ಮನೆಯಲ್ಲಾದರೂ ಆರು ವಾರ ‘ಉಷ್ಣ’ವೇ ಆಳಿತಲ್ಲ!

ಮನುಷ್ಯನ ಮೈಮೇಲೆ ಸಾಮಾನ್ಯವಾಗಿ ಹತ್ತು ಹದಿನೈದು ನುಸಿಗಳಿದ್ದರೆ ಹೆಚ್ಚು. ವೊಂಬ್ಯಾಟಿನ ಮೈಯಲ್ಲಿ ಅವು ಸಾವಿರ ಸಾವಿರವಾಗಿ ಹೆಚ್ಚುತ್ತವೆ. ಕೂದಲು ಹೋದ ಮೈಯಿಂದ ಶಾಖ ಸೋರಿಹೋಗುತ್ತದೆ. ಅದನ್ನು ತುಂಬಿಕೊಳ್ಳಲು ಹೆಚ್ಚು ಮೇಯಬೇಕು. ಮೇಯುವ ಹೊತ್ತೆಲ್ಲ ಕೆರೆದುಕೊಳ್ಳುವುದರಲ್ಲಿ ಕಳೆಯುತ್ತದೆ. ರಾತ್ರಿ ಸಾಲದೆ ಹಗಲೂ ಹೊರಗೆ ಬರುತ್ತದೆ. ಮೈಯ ಕೊಬ್ಬು ಕರಗಿ, ಕಣ್ಣು ಮುಚ್ಚಿ, ಬಿರಿದ ಚರ್ಮದಲ್ಲಿ ಕೀವಾಗಿ ಕೆಲವೇ ತಿಂಗಳಲ್ಲಿ ಸಾಯುತ್ತದೆ. ಸಾಯಿಸುವುದು ನುಸಿಯ ಕಡಿತವಲ್ಲ; ಹಸಿವು, ಚಳಿ, ದಣಿವು.

ಇನ್ನು ಇದು ಒಂದರಿಂದ ಒಂದಕ್ಕೆ ಹರಡುವ ಬಗೆ. ನಾವು ಓದುತ್ತ ಓದುತ್ತ ಸುಮ್ಮನೆ ಕುಳಿತದ್ದು ಇಲ್ಲಿಯೇ. ವೊಂಬ್ಯಾಟ್ ಒಂಟಿ ಪ್ರಾಣಿ. ಇನ್ನೊಂದರ ಮೈಗೆ ಮೈ ತಾಗಿಸಿ ಮಲಗುವ ಜಾತಿಯಲ್ಲ. ಹಾಗಿದ್ದರೆ ರೋಗ ಹೇಗೆ ಹರಡಬೇಕು? ಬಿಲದಿಂದ. ಒಂದೊಂದು ವೊಂಬ್ಯಾಟಿಗೂ ಹಲವು ಬಿಲಗಳ ಬಳಕೆಯುಂಟು. ಇಲ್ಲಿ ಕೆಲವು ರಾತ್ರಿ, ಅಲ್ಲಿ ಕೆಲವು ರಾತ್ರಿ. ಒಂದು ಬಿಟ್ಟು ಹೋದ ಬಿಲಕ್ಕೆ ಇನ್ನೊಂದು ಬಂದು ಮಲಗುತ್ತದೆ. ಮುಂಬಯಿಯ ಹಳೆಯ ಗಿರಣಿಯ ದಿನಗಳಲ್ಲಿ, ಹಗಲುಪಾಳಿಯವನು ಬಿಟ್ಟೆದ್ದ ಹಾಸಿಗೆಗೆ ರಾತ್ರಿಪಾಳಿಯವನು ಬಂದು ಒರಗುತ್ತಿದ್ದನಲ್ಲ, ಹಾಗೆ. ಮೊದಲನೆಯದರ ಮೈಯಿಂದ ಉದುರಿದ ನುಸಿ ಬಿಲದ ಮಣ್ಣಿನಲ್ಲಿ ಕಾದಿರುತ್ತದೆ. ನಮ್ಮ ಮನೆಯ ಸೆಕೆಯಲ್ಲಿ ಮೈ ಬಿಟ್ಟ ನುಸಿ ಎರಡು ಮೂರು ದಿನಕ್ಕೆ ಸತ್ತೀತು. ಬಿಲದ ತಂಪು ತೇವದಲ್ಲಿ ಎರಡು ವಾರದಷ್ಟು ಕಾಲ ಬದುಕಿಕೊಂಡಿರಬಲ್ಲದು. ಬೇಸಗೆಯ ಬಿಸಿಲಿನಿಂದ, ಚಳಿಯಿಂದ, ಕಾಡುನಾಯಿಗಳಿಂದ ಪ್ರಾಣಿಯನ್ನು ಕಾಯುವ ಮನೆಯೇ ಅದಕ್ಕೆ ಮೃತ್ಯುವನ್ನೂ ಇಟ್ಟುಕೊಂಡು ಕಾಯುತ್ತದೆ.

ಟಾಸ್ಮೇನಿಯಾದ ಉತ್ತರ ತೀರದಲ್ಲಿ ನರಾವಂಟಾಪು ಎಂಬ ರಾಷ್ಟ್ರೀಯ ಉದ್ಯಾನವಿದೆ. ಸಂಜೆಯಾದರೆ ವೊಂಬ್ಯಾಟುಗಳು ದನಗಳಂತೆ ಮೇಯುತ್ತಿರುವುದನ್ನು ನೋಡಲು ಜನ ಹೋಗುತ್ತಿದ್ದ ಸ್ಥಳವದು. ಅಲ್ಲಿ ಈ ರೋಗ ಹೊಕ್ಕಿತು. ೨೦೧೦ರಿಂದ ೨೦೧೭ರೊಳಗೆ ಅಲ್ಲಿಯ ವೊಂಬ್ಯಾಟುಗಳಲ್ಲಿ ನೂರಕ್ಕೆ ೯೪ರಷ್ಟು ಇಲ್ಲವಾದುವು. ಜಾತಿಯೇ ಅಳಿಯಿತೆಂದಲ್ಲ, ಆಗ್ನೇಯ ಆಸ್ಟ್ರೇಲಿಯಾದಲ್ಲಿ ಬೇರೆ ಕಡೆಗಳಲ್ಲಿ ಇನ್ನೂ ಬಹಳ ಇವೆ. ಆದರೆ ನೂರು ಮನೆಯ ಊರಿನಲ್ಲಿ ಆರು ಮನೆ ಉಳಿದರೆ ಅದನ್ನು ಊರೆನ್ನಬಹುದೇ?

ಈ ನುಸಿ ಆ ಖಂಡದ ಮೂಲ ನಿವಾಸಿಯಲ್ಲವೆಂದು ಬಲ್ಲವರ ಮತ. ಯೂರೋಪಿನಿಂದ ನೆಲೆಸಲು ಹೋದವರೊಂದಿಗೆ, ಅವರ ನಾಯಿಗಳೇ ಮೊದಲಾದ ಸಾಕುಪ್ರಾಣಿಗಳೊಂದಿಗೆ, ಒಂದಲ್ಲ ಹಲವು ಸಲ ಬಂದಿಳಿದಿರಬೇಕೆಂದು ನುಸಿಯ ವಂಶವಾಹಿಗಳನ್ನು ಹೋಲಿಸಿ ನೋಡಿದವರು ಹೇಳುತ್ತಾರೆ. ವೊಂಬ್ಯಾಟನ್ನು ಬಿಳಿಯರು ಕಂಡದ್ದು ಅಲ್ಲಿ ಕಾಲಿಟ್ಟು ಹತ್ತು ವರುಷವಾದ ಮೇಲೆ. ನಮ್ಮ ದೇಶಕ್ಕೂ ಆ ಕತೆಗೂ ಒಂದು ಎಳೆಯ ನಂಟುಂಟು. ಕಲಕತ್ತೆಯಿಂದ ೧೭೯೬ರಲ್ಲಿ ಸಿಡ್ನಿಗೆ ಹೊರಟ ‘ಸಿಡ್ನಿ ಕೋವ್’ ಎಂಬ ಹಡಗು ೧೭೯೭ರ ಫೆಬ್ರವರಿಯಲ್ಲಿ ಟಾಸ್ಮೇನಿಯಾದ ಬಳಿಯ ದ್ವೀಪವೊಂದರಲ್ಲಿ ಒಡೆದು ನಿಂತಿತು. ಅದರ ಖಲಾಸಿಗಳಲ್ಲಿ ಬಹುಮಂದಿ ಹಿಂದೂಸ್ಥಾನದವರು. ಉಳಿದ ಜನರನ್ನೂ ಸರಕನ್ನೂ ತರಲು ಹೋಗಿ ಬಂದ ನೌಕೆಗಳಿಂದಲೇ ಆ ದ್ವೀಪಗಳ ಪ್ರಾಣಿಗಳ ಸುದ್ದಿ ಸಿಡ್ನಿಗೆ ಮುಟ್ಟಿತು. ೧೭೯೮ರಲ್ಲಿ ಮ್ಯಾಥ್ಯೂ ಫ್ಲಿಂಡರ್ಸ್ ಎಂಬ ನಾವಿಕ ಜೀವಂತ ವೊಂಬ್ಯಾಟೊಂದನ್ನು ಅಲ್ಲಿಂದ ಸಿಡ್ನಿಗೆ ಒಯ್ದ. ಅದು ಆರು ವಾರ ಬದುಕಿತ್ತು. ವಲಸೆ ಹೋದವರು ತಮ್ಮ ಗಂಟಿನಲ್ಲಿ ಏನೇನನ್ನು ಹೊತ್ತೊಯ್ಯುತ್ತಾರೆಂಬುದು ಅವರಿಗೇ ತಿಳಿದಿರುವುದಿಲ್ಲ. ಇದನ್ನು ವಲಸೆಯವರಾದ ನಾವು ಬರೆಯುತ್ತಿದ್ದೇವೆ, ವಲಸೆಯವರಾದ ನೀವು ಓದುತ್ತಿದ್ದೀರಿ.

ಮದ್ದು ಇಲ್ಲವೆ? ಇದೆ. ದನಗಳ ಬೆನ್ನ ಮೇಲೆ ಹುಯ್ಯುವ ಮಾಕ್ಸಿಡೆಕ್ಟಿನ್ ಎಂಬ ದ್ರವೌಷಧದಿಂದ ನುಸಿ ಸಾಯುತ್ತದೆ. ಆದರೆ ಕಾಡಿನ ಪ್ರಾಣಿಯನ್ನು ವಾರವಾರವೂ ಹಿಡಿದು ಔಷಧ ಹಾಕುವವರು ಯಾರು? ಅಲ್ಲಿಯ ಜನ ಇದಕ್ಕೆ ಒಂದು ಯುಕ್ತಿ ಕಂಡುಕೊಂಡರು. ಬಿಲದ ಬಾಯಿಗೆ ಒಂದು ಪ್ಲಾಸ್ಟಿಕ್ಕಿನ ಪರದೆ ತೂಗುಬಿಡುವುದು. ಅದರ ಮೇಲೆ ಬಾಟಲಿಯ ಮುಚ್ಚಳದಂಥ ಒಂದು ಚಿಕ್ಕ ಬಟ್ಟಲು. ಬಟ್ಟಲಲ್ಲಿ ಔಷಧ. ಪ್ರಾಣಿ ಪರದೆಯನ್ನು ತಲೆಯಿಂದ ನೂಕಿ ಹೊರಬರುವಾಗ ಬಟ್ಟಲು ಓರೆಯಾಗಿ ಔಷಧ ಅದರ ಬೆನ್ನ ಮೇಲೆ ಸುರಿಯುತ್ತದೆ. ಇಷ್ಟೇ! ಪ್ರಾಣಿಗೆ ಹಿಡಿಸಿಕೊಂಡ ಭಯವಿಲ್ಲ, ಮನೆ ಕಳೆದುಕೊಂಡ ದುಃಖವಿಲ್ಲ. ವಾರದ ರಜೆಯಲ್ಲಿ ಊರಿನ ಜನ, ವಯಸ್ಸಾದವರು ಕೂಡ, ತಾವಾಗಿಯೇ ಹೋಗಿ ಬಟ್ಟಲು ತುಂಬಿಸಿ ಬರುತ್ತಾರೆ. ಇನ್ನು ಕೆಲವರು ಉದ್ದ ಕೋಲಿಗೆ ಸೌಟು ಕಟ್ಟಿಕೊಂಡು ಮೇಯುವ ಪ್ರಾಣಿಯ ಹಿಂದಿನಿಂದ ಬೆಕ್ಕಿನ ಹೆಜ್ಜೆ ಇಟ್ಟು ಹೋಗಿ ಬೆನ್ನ ಮೇಲೆ ಹುಯ್ಯುತ್ತಾರೆ.

ಎಲ್ಲವೂ ಸುಖಾಂತವೆಂದು ಬರೆಯಲು ಮನಸ್ಸಿದೆ, ಆದರೆ ಹಾಗಿಲ್ಲ. ನರಾವಂಟಾಪುವಿನಲ್ಲೇ ಟಾಸ್ಮೇನಿಯಾ ವಿಶ್ವವಿದ್ಯಾಲಯದವರು ಬಿಲಬಿಲಕ್ಕೂ ಪರದೆ ಕಟ್ಟಿ ತಿಂಗಳುಗಟ್ಟಲೆ ಔಷಧ ಹಾಕಿ ನೋಡಿದರು. ಕೆಲವು ಕಾಲ ರೋಗ ತಗ್ಗಿತು. ಔಷಧ ನಿಂತ ಮೇಲೆ ಮತ್ತೆ ಬಂತು. ಔಷಧದ ಬಲ ಉಳಿಯುವುದು ಕೆಲವೇ ದಿನ. ಪ್ರಾಣಿ ಈ ಬಿಲ ಬಿಟ್ಟು ಆ ಬಿಲಕ್ಕೆ ಹೋಗುವಂಥದು. ನಾಲ್ಕು ಬಿಲ ತಪ್ಪಿದರೆ ನಲವತ್ತಕ್ಕೆ ಹಾಕಿದ್ದು ನೀರಿನಲ್ಲಿ ಹೋಮ. ಆಮೇಲೆ ನಾಯಿ ಬೆಕ್ಕುಗಳಿಗೆಂದು ಮಾಡಿದ ಫ್ಲುರಲಾನರ್ ಎಂಬ ಔಷಧವನ್ನು ಅವರೇ ವೊಂಬ್ಯಾಟುಗಳ ಮೇಲೆ ಪ್ರಯೋಗಿಸಿ, ಒಂದು ಸಲ ಹುಯ್ದರೆ ಅದರ ಬಲ ಒಂದರಿಂದ ಮೂರು ತಿಂಗಳು ನಿಲ್ಲುವುದೆಂದು ೨೦೨೧ರಲ್ಲಿ ಪ್ರಕಟಿಸಿದರು. ಒಂದೇ ಸಲ ಹಾಕಿದರೂ ಇಷ್ಟು ಕಾಲ ಕಾಯುವ ಔಷಧ ಕಾಡಿನಲ್ಲಿ ದೊಡ್ಡ ಮಾತು. ಈಗಲೂ ಬಟ್ಟಲು ತುಂಬಿಸುವವರು ತುಂಬಿಸುತ್ತಲೇ ಇದ್ದಾರೆ.

ಓದಿ ಮುಗಿಸಿದ ಮಾರನೆಯ ದಿನವೇ ಅರ್ಧ ದಿನದ ರಜೆ ಹಾಕಿ ಮಗಳನ್ನು ಚರ್ಮವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ವೊಂಬ್ಯಾಟು ಕಳಿಸಿದ ರೋಗಿಗಳೆಂದು ಅವರಿಗೆ ಹೇಳಲಿಲ್ಲ. ಆ ತಾಯಿ ಮಗುವಿನ ಬೆರಳ ಸಂದಿ ನೋಡಿ, ನಮ್ಮ ಬೆರಳ ಸಂದಿಯನ್ನೂ ನೋಡಿ, ಎರಡು ಮಾತು ಹೇಳಿದರು. ಮೊದಲನೆಯದು: ಒಬ್ಬರಿಗೆ ಮದ್ದು ಹಚ್ಚಿ ಪ್ರಯೋಜನವಿಲ್ಲ. ಒಂದೇ ಸೂರಿನಡಿ ಮಲಗುವವರೆಲ್ಲರೂ, ತುರಿಕೆ ಇರಲಿ ಬಿಡಲಿ, ಒಂದೇ ರಾತ್ರಿ ಕತ್ತಿನಿಂದ ಅಂಗಾಲಿನವರೆಗೆ ಹಚ್ಚಿಕೊಳ್ಳಬೇಕು. ಎರಡನೆಯದು: ಮೊದಲ ಸಲ ಹತ್ತಿದವರಲ್ಲಿ ನುಸಿ ಹೊಕ್ಕ ದಿನವೇ ತುರಿಕೆ ಬರುವುದಿಲ್ಲ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ನಾವು ಕಚೇರಿಯಲ್ಲಿ ಆವಕ-ಜಾವಕ ವಹಿ ಬರೆಯುವವರು. ಯಾವ ಕಾಗದ ಯಾವ ದಿನ ಒಳಗೆ ಬಂತು, ಯಾವ ದಿನ ಹೊರಗೆ ಹೋಯಿತು ಎಂಬುದೇ ನಮ್ಮ ಅನ್ನ. ಬಸ್ಸಿನಲ್ಲಿ ಬರುತ್ತ ಲೆಕ್ಕ ಹಾಕಿದೆವು. ಮಗಳಿಗೆ ತುರಿಕೆ ಹತ್ತಿದ್ದು ಜುಲೈ ಮೊದಲ ವಾರ. ಆರು ವಾರ ಹಿಂದಕ್ಕೆ ಹೋದರೆ ಮೇ ತಿಂಗಳ ಕೊನೆ. ನಾಲ್ಕು ವಾರ ಹೋದರೆ ಜೂನ್ ಮೊದಲು. ಆಗ ಹುಡುಗ ಧಾರವಾಡದಲ್ಲಿದ್ದ. ಮಗಳು ನಮ್ಮೊಡನೆ ಊರಿನ ಮದುವೆಮನೆಯಲ್ಲಿ, ಹದಿನಾಲ್ಕು ಹುಡುಗರ ಸಾಲಿನಲ್ಲಿ ಜಮಖಾನೆಯ ಮೇಲೆ ಮಲಗುತ್ತಿದ್ದಳು. ಹುಡುಗ ನಮ್ಮಲ್ಲಿಗೆ ಬಂದದ್ದು ಜೂನ್ ೨೦. ಅಲ್ಲಿಂದ ಆರು ವಾರಕ್ಕೆ ಆಗಸ್ಟ್ ಮೊದಲು. ಅವನಿಗೆ ತುರಿಕೆ ಬಂದದ್ದು ಆಗ. ವಹಿ ಸುಳ್ಳು ಹೇಳುವುದಿಲ್ಲ. ಅವನು ತಂದದ್ದಲ್ಲ, ನಮ್ಮ ಮನೆಯಿಂದ ಒಯ್ದದ್ದು.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ನೆರೆಯವನ ಎಲೆಯ ನೊಣ ತೋರಿಸುವವನ ಗಾದೆ ವಾಚಕರಿಗೆ ಗೊತ್ತೇ ಇದೆ. ನಾವು ಬಿ. ಎ. ಪಾಸಾದವರು; ಗಾದೆ ನಮಗೂ ಗೊತ್ತಿತ್ತು.

ಭಾನುವಾರ ಅವನ ಕೋಣೆಗೆ ಹೋದೆವು. ಆರು ಹುಡುಗರು ಇರುವ ಕೋಣೆ. ನಮ್ಮ ಖೋಲಿಗಿಂತ ಚಿಕ್ಕದು. ಹುಡುಗ ನಮ್ಮನ್ನು ಹೊರಗೆ ಜಿನೆಯ ಹತ್ತಿರ ಕರೆದುಕೊಂಡು ಬಂದು ಮೆಲ್ಲಗೆ, “ಮಾಮಾ, ಇವರಿಗೆ ಯಾರಿಗೂ ಹೇಳಿಲ್ಲ. ಗೊತ್ತಾದ್ರ ಇಲ್ಲಿಂದನೂ ತಗೀತಾರ” ಎಂದ. ತೋಳು ಮುಚ್ಚಲು ಆ ಸೆಕೆಯಲ್ಲಿ ಉದ್ದ ಅಂಗಿ ತೊಟ್ಟಿದ್ದ. ‘ಇಲ್ಲಿಂದನೂ’ ಎಂದನಲ್ಲ, ಆ ಮಾತು ಎದೆಯಲ್ಲಿ ನಿಂತಿತು.

ಒಳಗೆ ಹೋಗಿ ಆರು ಜನರನ್ನೂ ಕೂಡಿಸಿ ನಾವೇ ಹೇಳಿದೆವು. ಹೇಳುವಾಗ ಗಂಟಲು ಒಣಗಿತ್ತು. “ನಮ್ಮ ಮನೆಯಲ್ಲಿ ತುರಿಕಜ್ಜಿ ಆಗಿದೆ. ಇವನಿಗೆ ಹತ್ತಿದ್ದು ನಮ್ಮ ಮಗುವಿನಿಂದ. ತಪ್ಪು ನಮ್ಮದು, ಆರು ವಾರ ಮುಚ್ಚಿಟ್ಟೆವು. ನೀವೂ ವೈದ್ಯರನ್ನು ಕಂಡು ಎಲ್ಲರೂ ಒಂದೇ ರಾತ್ರಿ ಮದ್ದು ಹಚ್ಚಿಕೊಳ್ಳಬೇಕು” ಎಂದೆವು. ಕೆಲವು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹುಡುಗ ತನ್ನ ಅಂಗಿಯ ತೋಳು ಮೇಲಕ್ಕೆ ಸರಿಸಿದ. ಅವನಿಗೂ ಹತ್ತಿತ್ತು, ಅವನೂ ಮುಚ್ಚಿಟ್ಟುಕೊಂಡಿದ್ದ. ಅವನ ನುಸಿ ಎಲ್ಲಿಯದೋ ದೇವರೇ ಬಲ್ಲ. ಎಲ್ಲರೂ ನಕ್ಕರು.

ಮುಂದಿನ ಶನಿವಾರ ರಾತ್ರಿ ಅಲ್ಲಿ ಆರು ಜನ, ಇಲ್ಲಿ ನಾಲ್ಕು ಜನ, ವೈದ್ಯರು ಬರೆದುಕೊಟ್ಟ ಮುಲಾಮು ಹಚ್ಚಿಕೊಂಡು ಮಲಗಿದೆವು. ಬೆಳಗ್ಗೆ ಎದ್ದು ಹಾಸಿಗೆ ಬಟ್ಟೆ, ಟವೆಲ್ಲು, ಉಟ್ಟ ಬಟ್ಟೆಗಳನ್ನು ಕುದಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದೆವು. ಒಗೆಯಲಾಗದ ರಜಾಯಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಮಾಳಿಗೆಗೆ ಏರಿಸಿದೆವು. ವಾರ ಬಿಟ್ಟು ಇನ್ನೊಮ್ಮೆ ಹಚ್ಚಿಕೊಂಡೆವು. ನುಸಿ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ, ಗಾಬರಿಯಾಗಿ ಮತ್ತೆ ಮತ್ತೆ ಹಚ್ಚಬೇಡಿರಿ ಎಂದು ವೈದ್ಯರು ಮೊದಲೇ ಹೇಳಿದ್ದರು, ಹಾಗೆಯೇ ಆಯಿತು. ಮನೆಯಲ್ಲಿ ಕೈಗೂಸು ಇದ್ದವರು, ಬಸುರಿ ಬಾಣಂತಿಯರಿದ್ದವರು ನಮ್ಮ ಈ ಲೇಖನ ನೋಡಿ ಮದ್ದು ಮಾಡದೆ ವೈದ್ಯರನ್ನು ಕೇಳಿಯೇ ಮಾಡತಕ್ಕದ್ದು. ಔಷಧದ ಅಂಗಡಿಯ ಯಾವುದೋ ಮುಲಾಮನ್ನು ಹಚ್ಚಿ ತುರಿಕೆಯನ್ನು ಅಡಗಿಸಿ ರೋಗವನ್ನು ಬೆಳೆಸುವ ನಮ್ಮ ವಿದ್ಯೆಯನ್ನಂತೂ ಯಾರೂ ಕಲಿಯಬಾರದು.

ಎಲ್ಲರಿಗೂ ಒಟ್ಟಿಗೆ ಎಂಬ ಈ ಮಾತು ನಮ್ಮ ಖೋಲಿಗಷ್ಟೇ ಅಲ್ಲ. ಫಿಜಿ ದ್ವೀಪಗಳಲ್ಲಿ ಕೆಲವು ಊರುಗಳ ಜನರಿಗೆ, ಕಜ್ಜಿ ಇದ್ದವರು ಇಲ್ಲದವರು ಎನ್ನದೆ, ಐವರ್ಮೆಕ್ಟಿನ್ ಎಂಬ ಗುಳಿಗೆಯನ್ನು ಒಟ್ಟಿಗೆ ಕೊಟ್ಟು ನೋಡಿದರು. ನೂರಕ್ಕೆ ೩೨ ಜನರಿಗಿದ್ದ ಕಜ್ಜಿ ಒಂದು ವರುಷದಲ್ಲಿ ೨ಕ್ಕೆ ಇಳಿಯಿತು. ರೋಗಿಗಳನ್ನೂ ಅವರ ಹತ್ತಿರದವರನ್ನೂ ಮಾತ್ರ ಹೆಕ್ಕಿ ಮದ್ದು ಕೊಟ್ಟ ಊರುಗಳಲ್ಲಿ ಇಳಿದದ್ದು ಅರ್ಧದಷ್ಟು. ೨೦೧೫ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ೨೦೧೭ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಜಗತ್ತು ಅಲಕ್ಷಿಸಿದ ರೋಗಗಳ ಪಟ್ಟಿಯಲ್ಲಿ ಕಜ್ಜಿಯನ್ನೂ ಸೇರಿಸಿತು. ಯಾವ ಹೊತ್ತಿನಲ್ಲಿ ಎಣಿಸಿದರೂ ೨೦ ಕೋಟಿಗೂ ಹೆಚ್ಚು ಜನರ ಮೈಯಲ್ಲಿ ಇದು ಇರುತ್ತದೆಂದು ಆ ಸಂಸ್ಥೆಯ ಲೆಕ್ಕ. ಇಷ್ಟು ಜನರ ಸಹವಾಸದಲ್ಲಿ ನಾಚಿಕೆಪಡುವುದೇನಿದೆ?

ನಮ್ಮ ಜನ ಊರು ಬಿಟ್ಟು ಬಂದು ಈ ಪಟ್ಟಣಗಳಲ್ಲಿ ನೆಲೆ ನಿಂತದ್ದು ಇಂಥ ಬಿಲಗಳಿಂದಲೇ. ಮೊದಲು ಬಂದವನ ಖೋಲಿಯಲ್ಲಿ ಎರಡನೆಯವನು, ಅವನ ಚಾಪೆಯ ಅಂಚಿನಲ್ಲಿ ಮೂರನೆಯವನು. ನಾವು ಹತ್ತೊಂಬತ್ತರ ವಯಸ್ಸಿನಲ್ಲಿ ಬಂದಾಗ ದೂರದ ಕಾಕಾ ಒಬ್ಬರು ಎಂಟು ತಿಂಗಳು ತಮ್ಮ ಖೋಲಿಯಲ್ಲಿ ಇಟ್ಟುಕೊಂಡರು. ನಾವು ಏನು ಹೊತ್ತು ತಂದಿದ್ದೆವೋ ಅವರು ಕೇಳಲಿಲ್ಲ. ಒಟ್ಟಿಗೆ ಇರುವಲ್ಲಿ ಅನ್ನವೂ ಹಂಚಿಕೆಯಾಗುತ್ತದೆ, ನುಸಿಯೂ ಹಂಚಿಕೆಯಾಗುತ್ತದೆ. ಟಾಸ್ಮೇನಿಯಾದ ಜನ ನುಸಿಗೆ ಹೆದರಿ ಬಿಲವನ್ನು ಮುಚ್ಚಲಿಲ್ಲ. ಮುಚ್ಚಿದರೆ ಪ್ರಾಣಿಗೆ ಹೋಗಲು ಬೇರೆ ಎಡೆಯಿಲ್ಲ. ಬಾಗಿಲಲ್ಲಿ ಮದ್ದು ತೂಗಿಬಿಟ್ಟರು. ನಾವು ಓದು ಬರೆಹ ಬಲ್ಲವರಾಗಿ ಬಾಗಿಲನ್ನೇ ಮುಚ್ಚಿದೆವು.

ಗಣೇಶ ಚತುರ್ಥಿಗೆ ಹುಡುಗ ಬಂದ. ಮನೆಯಾಕೆ ಕಡುಬು ಬಡಿಸುತ್ತ, “ರೂಮಿನ ಬಾಡಿಗಿ ಈ ತಿಂಗಳಿಗೆ ಮುಗೀತಲ್ಲ, ಪೆಟ್ಟಿಗಿ ತಂದಬಿಡು” ಎಂದರು. ಅವನು, “ನೋಡ್ತೀನಿ ಅತ್ತಿ, ಆಫೀಸು ಸಮೀಪ ಅದ” ಎಂದ. ಇನ್ನೂ ಬಂದಿಲ್ಲ. ಶನಿವಾರ ಬಂದು ಸೋಮವಾರ ಹೋಗುತ್ತಾನೆ. ಬಚ್ಚಲ ಹಿಂದಿನ ಆ ಮೊಳೆಯನ್ನು ಕಿತ್ತು ಖೋಲಿಯ ಗೋಡೆಗೆ ಉಳಿದವುಗಳ ಸಾಲಿನಲ್ಲೇ ಹೊಡೆದಿದ್ದೇವೆ. ಈಗ ಐದು ಜನಕ್ಕೆ ಐದು ಮೊಳೆ, ಐದು ಟವೆಲ್ಲು. ಐದನೆಯದು ವಾರದಲ್ಲಿ ಐದು ದಿನ ಒಣಗಿಯೇ ಇರುತ್ತದೆ.

ಮಗಳ ವೊಂಬ್ಯಾಟಿಗೆ ಶಾಲೆಯಲ್ಲಿ ಒಳ್ಳೆಯ ಅಂಕ ಬಂತು. ಆ ಕೊನೆಯ ಚಿತ್ರವನ್ನೂ ಅಂಟಿಸಿದ್ದಳು. ಅದರ ಪಕ್ಕದಲ್ಲಿ ಬಿಲದ ಬಾಯಿ, ಪರದೆ, ಬಟ್ಟಲುಗಳನ್ನು ತಾನೇ ಬಣ್ಣದ ಪೆನ್ಸಿಲಿನಿಂದ ಬರೆದಿದ್ದಳು. ಲೋಕಲ್ ಗಾಡಿಯ ನಾಲ್ಕನೆಯ ಸೀಟಿನ ವಿಚಾರ ಮುಂದಿನ ಸಂಚಿಕೆಗೆ, ಖಂಡಿತ.